ಮೂರೂಮುಕ್ಕಾಲು ಸೆಂಟಿಮೀಟರಿನ ಆನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯ ಮೇಲೆ, ಕಾಫಿ ತೋಟದ ನಡುವೆ ಆನೆ ಹಿಂಡು ಹಾದುಹೋಗುವ ದೃಶ್ಯವನ್ನು ಡಯೋರಾಮವಾಗಿ, ಅಂದರೆ ಪುಟ್ಟ ದೃಶ್ಯಮಾದರಿಯಾಗಿ, ಮಾಡುತ್ತಿದ್ದೇನೆ. ತಂತಿಯ ಮೇಲೆ ಜೇಡಿಮಣ್ಣು ಮೆತ್ತಿ ಮಾಡಿದ ಐದು ಆನೆಗಳ ಕಾಲುಗಳೂ ಒಣಗುವಾಗ ಬಿರುಕುಬಿಟ್ಟವು. ಚರ್ಮದ ಸುಕ್ಕುಗಳನ್ನೆಲ್ಲ ಸೂಜಿಯಿಂದ ಕೊರೆದಿದ್ದರೂ ಮನೆಯವರು ಅವನ್ನು ಆಟಿಕೆ ಎಂದೇ ಕರೆಯುತ್ತಾರೆ. ಆನೆ 8 ಸೆಂ.ಮೀ., ಕಾಫಿ ಗಿಡ 7 ಸೆಂ.ಮೀ., ಸಿಲ್ವರ್ ಓಕ್ ಮರ 20 ಸೆಂ.ಮೀ. ಎತ್ತರವಿವೆ. ಛಾಯಾಚಿತ್ರ ಕಳುಹಿಸಿದ್ದೇನೆ. ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ಸಿದ್ದಾಪುರ (ಕೊಡಗು)

ಉತ್ತರ: ಬಿರುಕಿನ ಕಾರಣ ಸರಳವಾಗಿದೆ. ಜೇಡಿಮಣ್ಣು ಒಣಗುತ್ತ ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ. ಆದ್ದರಿಂದ ಮಣ್ಣಿನ ಪದರ ಎಲ್ಲಿ ತೆಳುವಾಗಿದೆಯೋ ಅಲ್ಲಿ, ಅಂದರೆ ಕಾಲಿನಲ್ಲಿ, ಅದು ಸೀಳುತ್ತದೆ. ಇಷ್ಟು ಚಿಕ್ಕ ಪ್ರಾಣಿಗಳಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಎರಡು ಭಾಗಗಳನ್ನು ಸಮನಾಗಿ ಕಲಸಬೇಕಾದ ಎಂ-ಸೀಲ್‌ನಂತಹ ಎಪಾಕ್ಸಿ ಪುಟ್ಟಿಯೇ ವಾಸಿ. ಅದು ನೀರಾರಿ ಗಟ್ಟಿಯಾಗುವ ವಸ್ತುವಲ್ಲ, ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವಂಥದ್ದು. ಹಾಗಾಗಿ ಕುಗ್ಗುವುದು ತೀರ ಕಡಿಮೆ. ಆದರೆ ಕಲಸಿದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅದು ಕೈಗೆ ಬಗ್ಗುವುದಿಲ್ಲವಾದ್ದರಿಂದ, ಮೊದಲ ದಿನ ತಂತಿಯ ಮೇಲೆ ತೆಳುವಾದ ಒಂದು ಪದರ, ಮರುದಿನ ಹೊಟ್ಟೆ ಮತ್ತು ಭುಜ, ಮೂರನೆಯ ದಿನ ಕಿವಿ ಮತ್ತು ಸೊಂಡಿಲು ಎಂಬಂತೆ ಹಂತಹಂತವಾಗಿ ಕೂರಿಸಬೇಕು. ಬೆರಳನ್ನು ನೀರಿನಲ್ಲಿ ಅದ್ದಿಕೊಂಡರೆ ಅಂಟುವುದಿಲ್ಲ. ಚರ್ಮಕ್ಕೆ ಉರಿ ತರುವ ವಸ್ತುವಾದ್ದರಿಂದ ಕೈಗವಸು, ಉಜ್ಜುಕಾಗದದಿಂದ ಉಜ್ಜುವಾಗ ಮುಖಗವಸು ತಪ್ಪಿಸಬೇಡಿ.

ಆದರೆ ನಿಮ್ಮ ಆನೆಗಳು ಆಟಿಕೆಯಂತೆ ಕಾಣಲು ಬಿರುಕು ಕಾರಣವಲ್ಲ. ಮಣ್ಣು ಮುಟ್ಟುವ ಮೊದಲೇ ಅಳತೆ ತಪ್ಪಿದೆ. ಬೆಳೆದ ಆನೆಯ ಭುಜದೆತ್ತರವನ್ನು 2.7 ಮೀಟರ್ ಎಂದಿಟ್ಟುಕೊಂಡರೆ, 8 ಸೆಂ.ಮೀ. ಆನೆ ಎಂದರೆ ಸುಮಾರು 1:34 ಪ್ರಮಾಣ, ಅಂದರೆ ನಿಜದ ಅಳತೆಯ 34ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ನಿಮ್ಮ ಕಾಫಿ ಗಿಡ ಎರಡು ಮೀಟರನ್ನೂ ಮೀರಿದೆ. ನಿಮ್ಮ ಸಿಲ್ವರ್ ಓಕ್ ಮಾತ್ರ ಏಳು ಮೀಟರೂ ಇಲ್ಲದೆ, ಮರಕ್ಕೆ ಹಬ್ಬಿಸಿದ ಕರಿಮೆಣಸು ಕೊಯ್ಯುವವರು ಏಣಿ ಒರಗಿಸಲೂ ಯೋಗ್ಯವಲ್ಲದ ಗಿಡವಾಗಿದೆ. ನಿಮ್ಮ ಹಲಗೆಗೆ 1:72 ಪ್ರಮಾಣ ಹಿಡಿದರೆ ಆನೆ 3.75 ಸೆಂ.ಮೀ., ತುದಿ ಕತ್ತರಿಸಿ ಐದಡಿಗೆ ನಿಲ್ಲಿಸಿದ ಕಾಫಿ ಗಿಡ 2.1 ಸೆಂ.ಮೀ., 20 ಮೀಟರಿನ ಸಿಲ್ವರ್ ಓಕ್ 28 ಸೆಂ.ಮೀ. ಆಗುತ್ತವೆ, ಎರಡಡಿ ಹಲಗೆಯಲ್ಲಿ ಸುಮಾರು 44 ಮೀಟರಿನಷ್ಟು ತೋಟವೂ ಹಿಡಿಸುತ್ತದೆ. ಆನೆ ಅರ್ಧಕ್ಕಿಳಿದದ್ದಕ್ಕೆ ಬೇಸರಪಡಬೇಡಿ. ಎತ್ತರದ ಮರಗಳ ಕೆಳಗೆ, ಗಿಡಗಳ ಮೇಲೆ ಬೆನ್ನು ಮಾತ್ರ ಕಾಣುವಂತೆ ಹಾಯುವ ಆನೆಯನ್ನು ನೀವು ಸಿದ್ದಾಪುರದಲ್ಲಿ ನನಗಿಂತ ಹೆಚ್ಚು ಸಲ ಕಂಡಿರುತ್ತೀರಿ.

ಸುಕ್ಕುಗಳ ಮಾತು. ಒಂದು ಸೆಂಟಿಮೀಟರ್ ಅಗಲದ ಸುಕ್ಕು 1:72ರಲ್ಲಿ 0.14 ಮಿಲಿಮೀಟರ್ ಆಗುತ್ತದೆ. ಅದು ಕಣ್ಣಿಗೆ ಕಾಣುವುದೇ ಕಷ್ಟ, ಸೂಜಿಯಿಂದ ಕೊರೆದದ್ದು ಮಾತ್ರ ಸುಕ್ಕಾಗಿ ಅಲ್ಲ, ಗಾಯವಾಗಿ ಕಾಣುತ್ತದೆ. ಆ ಶ್ರಮವನ್ನು ನಿಲುವಿಗೆ ಕೊಡಿ. ಕೊಡಗಿನ ಅಯ್ಯಪ್ಪ ದೇವರಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳಲ್ಲಿ ರೋಮವನ್ನು ಯಾರೂ ಕೊರೆದಿಲ್ಲ; ಕಿವಿ, ಬಾಲ, ಕಾಲೂರಿ ನಿಂತ ರೀತಿ ಇಷ್ಟರಿಂದಲೇ ಅದು ನಾಯಿಯೆಂದು ತಿಳಿಯುತ್ತದೆ.

ಆನೆಯ ಕಾಲಿಗೆ ನಂಬಬಹುದಾದ ಲೆಕ್ಕವೊಂದಿದೆ: ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಹೆಚ್ಚುಕಡಿಮೆ ಅದರ ಭುಜದೆತ್ತರ. ಹಾಗಾದರೆ 3.75 ಸೆಂ.ಮೀ. ಆನೆಯ ಪಾದದ ಸುತ್ತಳತೆ 1.9 ಸೆಂ.ಮೀ., ಅಡ್ಡಳತೆ 6 ಮಿ.ಮೀ., ಅಂದರೆ ಪೆನ್ಸಿಲಿಗಿಂತ ತುಸು ಸಣ್ಣದು. ನಿಮ್ಮ ಚಿತ್ರದಲ್ಲಿ ಹಿಂಗಾಲು ನಾಯಿಯ ಕಾಲಿನಂತೆ ಹಿಂದಕ್ಕೆ ಮುರಿದಿದೆ. ಆನೆಯ ಹಿಂಗಾಲಿನ ಮಂಡಿ ನಮ್ಮ ಮಂಡಿಯಂತೆ ಕೆಳಗಿದ್ದು ಮುಂದಕ್ಕೆ ಚಾಚುತ್ತದೆ. ಇದೊಂದನ್ನು ತಿದ್ದಿದರೇ ಅರ್ಧ ಆಟಿಕೆತನ ಹೋಗುತ್ತದೆ. ನಮ್ಮ ಆನೆಯ ಬೆನ್ನು ಉಬ್ಬಿರುತ್ತದೆ, ನೆತ್ತಿಯಲ್ಲಿ ಎರಡು ಉಬ್ಬುಗಳಿರುತ್ತವೆ, ಕಿವಿ ಚಿಕ್ಕದು. ನೀವು ತಗ್ಗಿದ ಬೆನ್ನಿಗೆ ಅಗಲ ಕಿವಿ ಇಟ್ಟಿರುವುದರಿಂದ ಆಫ್ರಿಕದ ಆನೆ ಸಿದ್ದಾಪುರಕ್ಕೆ ಬಂದಂತಾಗಿದೆ. ಐದಕ್ಕೂ ದಂತವಿಟ್ಟದ್ದು ಇನ್ನೊಂದು ತಪ್ಪು: ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ, ನಮ್ಮ ಹೆಣ್ಣಾನೆಗಳಿಗೆ ಹೊರಗೆ ಎದ್ದು ಕಾಣುವ ದಂತವಿರುವುದಿಲ್ಲ. ಮರಿಯನ್ನು ನಡುವೆ ನಿಲ್ಲಿಸಿ. ಬಣ್ಣಕ್ಕೆ ಬೂದು ಸಾಲದು. ಮೈಮೇಲೆ ಎರಚಿಕೊಂಡ ತೋಟದ ಕೆಂಪು ಮಣ್ಣನ್ನು ಬೆನ್ನಿಗೂ ತಲೆಗೂ ಒಣ ಕುಂಚದಿಂದ ತೇಲಿಸಿ ಬಳಿಯಿರಿ.

ಪ್ರಶ್ನೆ: ಕಲ್ಲಿನ ಮೇಲಿನ ಪಾಚಿಯನ್ನು ಒಣಗಿಸಿ ಪುಟ್ಟ ಕಾಫಿ ಗಿಡಗಳನ್ನು ಮಾಡಿದ್ದೆ. ಜುಲೈ ತಿಂಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೇ ಎಲ್ಲಕ್ಕೂ ಬೂಷ್ಟು ಹಿಡಿಯಿತು. ಗ್ಲಿಸರಿನ್‌ನಲ್ಲಿ ನೆನೆಸಿದರೆ ಉಳಿಯುತ್ತದೆ ಎನ್ನುತ್ತಾರೆ, ನಿಜವೇ?
– ಗೃಹಿಣಿ, ವಿರಾಜಪೇಟೆ

ಉತ್ತರ: ಗ್ಲಿಸರಿನ್ ಪಾಚಿಯನ್ನು ಮೆದುವಾಗಿ ಉಳಿಸುವುದು ನಿಜ, ಆದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ದ್ರವ. ಬಯಲುಸೀಮೆಗೆ ಒಪ್ಪುವ ಆ ಉಪಾಯವನ್ನು ವಿರಾಜಪೇಟೆಯ ಮಳೆಗಾಲಕ್ಕೆ ನಾನು ಹೇಳಲಾರೆ. ನನ್ನದೇ ಒಂದು ದೇವರಕಾಡಿನ ಮಾದರಿ ಹೀಗೆಯೇ ಎರಡು ಮಳೆಗಾಲದಲ್ಲಿ ಬೆಳ್ಳಗಾದ ಮೇಲೆ ನಿಜವಾದ ಪಾಚಿಯ ಗೊಡವೆ ಬಿಟ್ಟಿದ್ದೇನೆ. ಹಳೆಯ ಸ್ಪಂಜನ್ನು ಚೂರು ಮಾಡಿ, ಅಡಿಗೆಗೆ ಬಳಸದ ಮಿಕ್ಸಿ ಜಾರಿನಲ್ಲಿ ತಿರುಗಿಸಿ, ಕಡುಹಸಿರು ಅಕ್ರಿಲಿಕ್ ಬಣ್ಣದಲ್ಲಿ ಕಲಸಿ ಒಣಗಿಸಿದರೆ, ಬೂಷ್ಟಿಗೆ ಸುಲಭವಾಗಿ ಈಡಾಗದ ಎಲೆಗೊಂಚಲು ಸಿಗುತ್ತದೆ. ನೆಲಕ್ಕೆ ತೋಟದ ಮಣ್ಣೇ ಬೇಕೆನಿಸಿದರೆ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಚಹಾ ಸೋಸುವ ಜರಡಿಯಲ್ಲಿ ಸೋಸಿಕೊಳ್ಳಿ. ಥರ್ಮಾಕೋಲ್ ಗುಡ್ಡಕ್ಕೆ ಸ್ಪ್ರೇ ಬಣ್ಣ ಹೊಡೆಯಬೇಡಿ, ಕರಗಿಹೋಗುತ್ತದೆ. ಪೆಟ್ಟಿಗೆಯನ್ನು ಫೆಬ್ರುವರಿಯ ಒಣ ದಿನವೊಂದರಲ್ಲಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮರೆಯಾಗಿಡಿ. ಮಳೆಗಾಲದಲ್ಲಿ ಮುಚ್ಚಿದರೆ ತೇವವನ್ನೇ ಒಳಗಿಟ್ಟು ಬೀಗ ಹಾಕಿದಂತೆ.

ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ನಂತರದ ತೋಟವನ್ನು ತೋರಿಸುವ ಆಸೆಯಿದ್ದರೆ, ಬಿಳಿಯನ್ನು ಗಿಡದ ನೆತ್ತಿಗೆ ಸುರಿಯಬೇಡಿ. ಕಾಫಿ ಹೂ ರೆಕ್ಕೆಯ, ಅಂದರೆ ಅಡ್ಡ ಕೊಂಬೆಯ, ಉದ್ದಕ್ಕೂ ಗಿಣ್ಣುಗಿಣ್ಣಿಗೆ ಗೊಂಚಲಾಗಿ ಕೂರುತ್ತದೆ. ಹಲ್ಲುಕಡ್ಡಿಯ ತುದಿಯಿಂದ ಸಾಲುಚುಕ್ಕೆಯಾಗಿ ಇಡಿ.

ಪ್ರಶ್ನೆ: ನಾನು ಮಾಡಿದ ಕಾಟಿಯನ್ನು (ಕಾಡುಕೋಣವನ್ನು) ಎಲ್ಲರೂ ಎಮ್ಮೆ ಎನ್ನುತ್ತಾರೆ. ಏನು ಮಾಡಲಿ?
– ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಮೊದಲು ಬೆನ್ನು. ಕಾಟಿಯ ಹೆಗಲಿನಿಂದ ಹೊರಡುವ ಏಣು ಬೆನ್ನಿನ ನಡುವಿನವರೆಗೆ ಬಂದು ಅಲ್ಲಿ ಥಟ್ಟನೆ ಇಳಿಯುತ್ತದೆ. ಎಮ್ಮೆಗೆ ಆ ಮೆಟ್ಟಿಲಿಲ್ಲ. ಎರಡನೆಯದು, ಕೊಂಬುಗಳ ನಡುವೆ ಉಬ್ಬಿದ ಹಣೆಯ ದಿಬ್ಬ. ಕೊಂಬಿನ ಬುಡ ಹಳದಿ, ತುದಿ ಮಾತ್ರ ಕಪ್ಪು. ಕಡೆಯದಾಗಿ, ಬೇರೆಲ್ಲ ಬಣ್ಣ ಒಣಗಿದ ಮೇಲೆ, ನಾಲ್ಕೂ ಕಾಲುಗಳಿಗೆ ಮಂಡಿಯಿಂದ ಕೆಳಗೆ ಕಾಲುಚೀಲ ತೊಡಿಸಿದಂತೆ ಮಾಸಲು ಬಿಳಿ ಬಳಿಯಿರಿ. ಅಚ್ಚ ಬಿಳಿ ಬೇಡ, ಒಂದು ಹನಿ ಹಳದಿ ಬೆರೆತಿರಲಿ.