ಬೆಳದಿಂಗಳು ಮತ್ತು ಕಡಲೆ ಹೊಲದ ಜಿಂಕೆಗಳು

ಯಲಬುರ್ಗಾ ಕಡೆಯ ನಿಮ್ಮ ಎರೆ ಹೊಲದ ಕಡಲೆಗೆ ಹುಣ್ಣಿಮೆಯ ಆಸುಪಾಸಿನಲ್ಲೇ ಜಿಂಕೆಗಳು ಹೆಚ್ಚಾಗಿ ಬೀಳುತ್ತವೆಯೇ, ಆ ರಾತ್ರಿಗಳಲ್ಲಿ ಮಾತ್ರ ಕಾವಲಿದ್ದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದೇ ನನ್ನ ಅಭಿಪ್ರಾಯ.

ಚಂದ್ರನನ್ನು ನೋಡಿ ಬೇಟೆಯ ದಿನ ಗೊತ್ತುಮಾಡುವ ಕೋಷ್ಟಕಗಳು ಬಹುಮಟ್ಟಿಗೆ ಅಮೆರಿಕದ ಬಿಳಿಬಾಲದ ಜಿಂಕೆಗೆ ಸಂಬಂಧಿಸಿದವು. ಅಲ್ಲಿಯೂ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ಓಡಾಟ ನಸುಕು ಮತ್ತು ಮುಸ್ಸಂಜೆಯಲ್ಲೇ ಹೆಚ್ಚೆಂದು, ಚಂದ್ರನ ಪಾತ್ರ ಅಲ್ಪವೆಂದು ಕಂಡುಬಂದಿದೆ. ನಾವು ಜಿಂಕೆ ಎನ್ನುವುದು ಕೃಷ್ಣಮೃಗವನ್ನು. ಅದು ಕೊಂಬು ಉದುರಿಸದ, ಬಯಲನ್ನೇ ನೆಚ್ಚಿದ, ದೂರದ ಅಪಾಯವನ್ನು ಕಣ್ಣಿನಿಂದಲೇ ಅರಿತು ಓಡುವ, ಹೆಚ್ಚಾಗಿ ಹಗಲಿನಲ್ಲಿ ಮೇಯುವ ಪ್ರಾಣಿ. ಹಗಲು ಅಟ್ಟಿಸಿಕೊಂಡ ಹಿಂಡು ರಾತ್ರಿ ಬರುವುದೂ ಉಂಟು. ಆದರೆ ಬೆಳದಿಂಗಳಲ್ಲಿ ಬಂದ ಹಿಂಡು ನಮ್ಮ ಕಣ್ಣಿಗೆ ಬೀಳುತ್ತದೆ. ಅಮಾವಾಸ್ಯೆಯಲ್ಲಿ ಬಂದದ್ದು ಬೆಳಿಗ್ಗೆ ಕುಡಿ ಚಿವುಟಿದ ಗಿಡಗಳಲ್ಲಿ, ಮಣ್ಣಿನಲ್ಲಿ ಮೂಡಿದ ಸೀಳುಗೊರಸಿನ ಗುರುತಿನಲ್ಲಿ ಮಾತ್ರ ತಿಳಿಯುತ್ತದೆ. ಹುಣ್ಣಿಮೆಯ ನಂಬಿಕೆಗೆ ಇದೇ ಕಾರಣವಿರಬಹುದು.

ಹುಣ್ಣಿಮೆಯಂದು ಸೂರ್ಯಾಸ್ತದ ಹೊತ್ತಿಗೇ ಹುಟ್ಟುವ ಚಂದ್ರ ಮುಂದೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ, ಬಹುಳ ಅಷ್ಟಮಿಗೆ ನಡುರಾತ್ರಿಯ ಸುಮಾರಿಗೆ ಹುಟ್ಟುತ್ತಾನೆ. ಹೀಗೆ ಬೆಳದಿಂಗಳ ಹೊತ್ತು ದಿನದಿನಕ್ಕೂ ಬದಲಾಗುತ್ತದೆ. ಆದ್ದರಿಂದ ಕಾವಲನ್ನು ತಿಥಿಗೆ ಕಟ್ಟಿಹಾಕದೆ, ಕಡಲೆ ಎಳೆಯದಾಗಿರುವಷ್ಟು ದಿನವೂ ನಸುಕು ಮತ್ತು ಮುಸ್ಸಂಜೆಗೆ ಇಟ್ಟುಕೊಳ್ಳಿ.

ಜಿಂಕೆಗೆ ಉರುಲು ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟಿದ್ದರೆ ಅದನ್ನಂತೂ ಕೈಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. ಹಾನಿಯ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಬೆಳೆ ಪರಿಹಾರಕ್ಕೆ ಅರ್ಜಿ ಕೊಡಿ.