ಶೀನಣ್ಣನ ಹುಲಿ ಇನ್ನೂ ಮುಗಿದಿಲ್ಲ

ನಮಸ್ಕಾರ,

ನೀವು ಕಳಿಸಿದ 'ಪೇಂಟರ್ ಶೀನಣ್ಣ' ಸಿನಿಮಾ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬಿಟ್ಟುಬಿಡಿ ಅನ್ನಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಉಡುಪಿಯ ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಹೆಸರು ಬರೆಯುವ ಶೀನಣ್ಣ ಒಂದು ಗೋಡೆಯ ಮೇಲೆ ಹುಲಿ ಬಿಡಿಸುತ್ತಾನೆ. ಅದು ಹೆದರಿದ ಬೆಕ್ಕಿನ ಹಾಗೆ ಕಾಣುತ್ತದೆ. ಫೋಟೋ ವೈರಲ್ ಆಗಿ ಜನ ಸೆಲ್ಫಿಗೆ ಬರುತ್ತಾರೆ. ಇಲ್ಲಿವರೆಗೆ ಚೆನ್ನಾಗಿ ನಕ್ಕೆ. ಅಕ್ಷರ ಬರೆದು ಪಳಗಿದ ಕೈ, ಹಾಗಾಗಿ ಹುಲಿಯ ಕಣ್ಣು 'ಠ' ಆಗಿದೆ ಅಂತ ಬರೆದಿದ್ದೀರಲ್ಲ, ಅದು ಎಲ್ಲರಿಗೂ ಹೊಳೆಯುವಂಥದ್ದಲ್ಲ.

ಆಮೇಲೆ ಶೀನಣ್ಣ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬೆಂಗಳೂರಿನ ಟಿವಿ ಸ್ಟುಡಿಯೋದಲ್ಲಿ ಕೂತ. ನನ್ನ ನಗು ಅಲ್ಲಿಗೇ ನಿಂತಿತು. ಅವನನ್ನು ಪೆದ್ದು ಮಾಡಿ ನೀವೇ ಮೊದಲು ನಗುತ್ತಿದ್ದೀರಿ. ನೀವು ನಕ್ಕ ಮೇಲೆ ನಮಗೇನು ಉಳಿಯಿತು?

ಸ್ಪೇನಿನ ಅಜ್ಜಿಯ ಸುದ್ದಿಯಿಂದ ಈ ಕಥೆ ಹುಟ್ಟಿತು ಅಂದಿದ್ದೀರಿ. ಆ ಸುದ್ದಿಯನ್ನೇ ಇನ್ನೊಮ್ಮೆ ನೋಡಿ. 2012ರಲ್ಲಿ ಬೊರ್ಹಾ ಊರಿನ ಸಿಸಿಲಿಯಾ ಹಿಮೆನೆಸ್, 80 ದಾಟಿದವರು, ಚರ್ಚಿನ ಗೋಡೆಯಲ್ಲಿ ಮಾಸಿದ್ದ ಯೇಸುವಿನ ಚಿತ್ರವನ್ನು ಸರಿ ಮಾಡಲು ಹೋದರು. ಮುಖ ಕೋತಿಯ ಹಾಗಾಯಿತು ಅಂತ ಲೋಕವೆಲ್ಲ ನಕ್ಕಿತು. ಆಮೇಲೆ ಅದನ್ನೇ ನೋಡಲು ಪ್ರವಾಸಿಗರು ಸಾವಿರಗಟ್ಟಲೆ ಬಂದರು. ಆದರೆ ಆ ಅಜ್ಜಿ ಹೇಳಿದ್ದೇನು ಗೊತ್ತಾ? ಕೆಲಸ ಇನ್ನೂ ಮುಗಿದಿರಲಿಲ್ಲ ಅಂತ!

ನಿಮ್ಮ ಸಿನಿಮಾ ಇರುವುದು ಆ ಮಾತಿನಲ್ಲಿ. ಶೀನಣ್ಣನಿಗೂ ಹುಲಿಯನ್ನು ಸರಿ ಮಾಡಬೇಕು. ಹುಲಿವೇಷ ನೋಡಿಯೇ ಬೆಳೆದ ಊರು ಉಡುಪಿ. ಯಾವುದು ಪಟ್ಟೆ ಹುಲಿ, ಯಾವುದು ಚಿಟ್ಟೆ ಹುಲಿ (ಮೈಮೇಲೆ ಚುಕ್ಕೆ ಇರುವುದು) ಅಂತ ಇಲ್ಲಿ ಮಕ್ಕಳೂ ಹೇಳುತ್ತಾರೆ. ಇಂಥ ಊರಲ್ಲಿ ಹುಲಿ ಕೆಡಿಸಿದವನು ತಲೆ ಎತ್ತಿ ಓಡಾಡುವುದು ಹೇಗೆ? ರಾತ್ರಿ ಬ್ರಷ್ ಹಿಡಿದು ಹೊರಡುತ್ತಾನೆ. ಆದರೆ ಗೋಡೆ ಪಕ್ಕ ಗೋಳಿಬಜೆ ಮಾರುವವಳು ಬಿಡುವುದಿಲ್ಲ, ರಿಕ್ಷಾದವರು ಪಾಳಿ ಹಾಕಿ ಕಾಯುತ್ತಾರೆ. ಬೆಕ್ಕು ಹುಲಿಯಾದರೆ ಅವರ ವ್ಯಾಪಾರ ಹೋಯಿತು, ಅಲ್ವಾ? ಇದನ್ನು ಬಿಟ್ಟು ಬೆಂಗಳೂರಿಗೆ ಯಾಕೆ ಹೋದಿರಿ?

ಇನ್ನೊಂದು ತಪ್ಪು. ನಿಮ್ಮ ಕಥೆಯಲ್ಲಿ ಜೂನ್ ತಿಂಗಳು ಬಿಸಿಲು ಕಾಯುತ್ತಿದೆ, ಟ್ರಾಲ್ ಬೋಟುಗಳು ಕಡಲಿಗೆ ಹೊರಟಿವೆ. ಉಡುಪಿಯ ಜೂನ್ ಅಂದರೆ ಗೋಡೆಯಲ್ಲಿ ಪಾಚಿ. ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಸುಮ್ನೆ ಕೊಂಕು ತೆಗೆಯುತ್ತಿಲ್ಲ, ಇದರಿಂದ ನಿಮಗೇ ಲಾಭ. ಹೆಸರು ಬರೆಸಿಕೊಂಡ ಬೋಟುಗಳು ಆಗಸ್ಟಿನಲ್ಲಿ ಕಡಲಿಗೆ ಹೋಗಲಿ. ಶೀನಣ್ಣನಿಗೆ ಕೆಲಸವಿಲ್ಲ, ಡಬ್ಬಿಯಲ್ಲಿ ಬೋಟಿನ ಬಣ್ಣ ಉಳಿದಿದೆ, ಕೃಷ್ಣಾಷ್ಟಮಿಯ ಮರುದಿನ ಹುಲಿವೇಷ ಕುಣಿಯುವ ವಿಟ್ಲಪಿಂಡಿ ಹತ್ತಿರ ಬಂದಿದೆ. ಅವನು ಹುಲಿ ಯಾಕೆ ಬಿಡಿಸಿದ ಅಂತ ಆಗ ಯಾರೂ ಕೇಳುವುದಿಲ್ಲ.

ಮಾತಿನ ಬಗ್ಗೆ. ಎರಡು ಸಾಲಿಗೊಮ್ಮೆ 'ಎಂತ ಮಾರಾಯ್ರೆ' ಹಾಕಿದರೆ ಕರಾವಳಿ ಆಗುವುದಿಲ್ಲ. ಶೀನಣ್ಣ ಮನೆಯಲ್ಲಿ ತುಳುವಿನಲ್ಲಿ ಬೈಯಲಿ. ಟಿವಿಯವರ ಮೈಕ್ ಬಂದಾಗ ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡ ತೆಗೆಯಲಿ. ಮನೆಯವರು ನಗುವುದು ಆಗ.

ಸ್ಟುಡಿಯೋ ತೆಗೆದು ಇನ್ನೊಮ್ಮೆ ಬರೆದು ಕಳಿಸಿ. 'ಠ' ಕಣ್ಣನ್ನು ಮಾತ್ರ ಮುಟ್ಟಬೇಡಿ.