ಎಂಕ್ಯಾಟ್ ಇರಲಿ ತಂಗಿ, ಮೊದಲು ಗ್ರೀನ್ ಕಾರ್ಡ್

ತಂಗಿ, ಮಗಳಿಗೆ ಹದಿನೈದು ವರ್ಷ, ಅಮೆರಿಕಕ್ಕೆ ಬಂದು ಮೂರು ತಿಂಗಳು, ಇಲ್ಲಿ ನೀಟ್‌ನಂತಹ ಪರೀಕ್ಷೆ ಯಾವುದು, ದಾವಣಗೆರೆಯಿಂದ ಕೋಚಿಂಗ್ ಪುಸ್ತಕ ತರಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಇಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ನೇರವಾಗಿ ಮೆಡಿಕಲ್ ಸೇರುವುದು ಅಪರೂಪ. ನಾಲ್ಕು ವರ್ಷದ ಪದವಿ, ಆ ಹೊತ್ತಿಗೆ ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಎಂ.ಡಿ. (ನಮ್ಮೂರಿನ ಎಂಬಿಬಿಎಸ್ ಇದ್ದ ಹಾಗೆ). ಎಂಕ್ಯಾಟ್‌ನ ಗರಿಷ್ಠ ಅಂಕ 528. ವಿಜ್ಞಾನದ ಜೊತೆ ಮನಶ್ಶಾಸ್ತ್ರ, ಸಮಾಜಶಾಸ್ತ್ರವೂ ಇವೆ. ರ‍್ಯಾಂಕ್ ಪಟ್ಟಿಯಿಲ್ಲ, ಮ್ಯಾನೇಜ್‌ಮೆಂಟ್ ಸೀಟಿಲ್ಲ. ಪ್ರತಿ ಕಾಲೇಜೂ ತಾನೇ ಅರ್ಜಿ ಓದಿ, ಸಂದರ್ಶನಕ್ಕೆ ಕರೆದು ಆರಿಸುತ್ತದೆ. ಉಳಿದದ್ದನ್ನು ಶಾಲೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರು ಹೇಳದಿರುವುದು ವೀಸಾದ ವಿಷಯ.

ನಾವು 2006ರಲ್ಲಿ ಬಂದಾಗ ಮಗನಿಗೆ ಎಂಟು ವರ್ಷ. ಸೂಟ್‌ಕೇಸಿನಲ್ಲಿ ಅರ್ಧ ಮಂಡಕ್ಕಿ, ತಲೆಯಲ್ಲಿ ಎರಡೇ ವರ್ಷದ ಲೆಕ್ಕ: ದುಡಿದು, ವಿದ್ಯಾನಗರದ ಸೈಟಿನಲ್ಲಿ ಮನೆ ಕಟ್ಟಿಸಿ, ಹೊರಟುಬಿಡುವುದು. ಹತ್ತಿ ಗಿರಣಿಯಲ್ಲಿ ದುಡಿದ ನಮ್ಮಪ್ಪನಿಗೆ ಮೊಮ್ಮಗ ದಾವಣಗೆರೆಯ ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಓದಲಿ ಎಂಬ ಆಸೆ ಬೇರೆ. ಮೊದಲ ವರ್ಷವೇ ಕಂಪನಿಯವರು ಗ್ರೀನ್ ಕಾರ್ಡ್‌ಗೆ (ಇಲ್ಲಿ ಕಾಯಂ ನೆಲೆಸುವ ಪರವಾನಗಿಗೆ) ಅರ್ಜಿ ಹಾಕೋಣವೇ ಎಂದಾಗ, 'ಬೇಡ, ನಾವು ಹೋಗುವವರು' ಎಂದೆ. ಹಾಕಿಸಿದ್ದು 2011ರಲ್ಲಿ, ಎಚ್-1ಬಿ ಎಂಬ ಕೆಲಸದ ವೀಸಾದ ಆರು ವರ್ಷ ಮುಗಿಯಲು ಬಂದಾಗ. ಅಷ್ಟರಲ್ಲಿ ಗ್ರೀನ್ ಕಾರ್ಡ್‌ಗೆ ಕಾಯುವ ಭಾರತೀಯರ ಸಾಲು ಹನುಮಂತನ ಬಾಲವಾಗಿತ್ತು. 2019ರಲ್ಲಿ ಮಗನಿಗೆ ಇಪ್ಪತ್ತೊಂದು ತುಂಬಿತು. ಆ ವಯಸ್ಸು ದಾಟಿದ ಮಕ್ಕಳು ಹೆತ್ತವರ ವೀಸಾದಡಿ ಇರುವಂತಿಲ್ಲ. ನಮ್ಮ ವೀಸಾದ ನೆರಳು ತಪ್ಪಿ ಅವನು ವಿದೇಶಿ ವಿದ್ಯಾರ್ಥಿಯಾದ. ಎಂಕ್ಯಾಟ್‌ನಲ್ಲಿ 516 ತೆಗೆದ. (ಹೇಳಿಕೊಳ್ಳುವಂತಹ ಅಂಕ, ಹೇಳಿಕೊಳ್ಳುತ್ತೇನೆ.) ಆದರೆ ಹೆಚ್ಚಿನ ಕಾಲೇಜುಗಳು ವಿದೇಶಿಯರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡ ಒಂದು ಕಾಲೇಜು ನಾಲ್ಕೂ ವರ್ಷದ ಶುಲ್ಕ ಮೊದಲೇ ಠೇವಣಿ ಇಡಿ ಎಂದಿತು. ಸೈಟು ಮಾರಿದರೂ ಸಾಲುತ್ತಿರಲಿಲ್ಲ. ಈಗ ಪ್ರಯೋಗಾಲಯವೊಂದರಲ್ಲಿ ಕೆಲಸದಲ್ಲಿದ್ದಾನೆ, ಚೆನ್ನಾಗಿದ್ದಾನೆ. ಊರಿನಿಂದ ಅಪ್ಪ 'ನಮ್ಮ ಡಾಕ್ಟರ್ ಹೇಗಿದ್ದಾನೆ' ಎಂದು ಕೇಳಿದಾಗ ಮಾತ್ರ ನಾನು ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಡುತ್ತೇನೆ.

ಈ ತಿಂಗಳೇ ಗ್ರೀನ್ ಕಾರ್ಡ್ ಅರ್ಜಿ ಹಾಕಿಸಿ ಎಂದು ಕಂಪನಿಯನ್ನು ಕೇಳಲು ಯಜಮಾನರಿಗೆ ಹೇಳಿ. ಮಗಳಿಗೆ ಇಪ್ಪತ್ತೊಂದಾಗುವುದರೊಳಗೆ ಸಾಲು ಕರಗುತ್ತದೆ ಎಂದು ನಾನು ನಂಬಿಸಲಾರೆ. ಊರಿನಲ್ಲಿ ಮೆಡಿಕಲ್ ಓದುವ ದಾರಿಯನ್ನೂ ಮುಚ್ಚಬೇಡಿ: ಹನ್ನೊಂದು, ಹನ್ನೆರಡು ಎರಡರಲ್ಲೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಲಿ. ಇಲ್ಲಿ ವರ್ಷಕ್ಕೊಂದೇ ವಿಜ್ಞಾನ ಓದಿ ಮುಗಿಸುವ ಮಕ್ಕಳೇ ಹೆಚ್ಚು, ನೀವೇ ಕೇಳಿ ಹಾಕಿಸಿಕೊಳ್ಳಬೇಕು. ನೀಟ್ ಎಂದು ತೀರ್ಮಾನವಾದ ಮೇಲೆ ಪುಸ್ತಕ ತರಿಸಿದರಾಯಿತು. ಆ ಜಾಗದಲ್ಲಿ ಈಗ ಮಂಡಕ್ಕಿ ತರಿಸಿ, ನಮಗೂ ಎರಡು ಸೇರು ಸೇರಿಸಿ ಹೇಳಿ.